ಕೌದಿಯ ಬಟ್ಟೆಗೆ ಬಿದ್ದ ಸುಕ್ಕು

ಆ ಬಟ್ಟೆ ತಾನಾಗಿಯೇ ಸುಕ್ಕಾಯಿತು ಎಂದು ನಮ್ಮ ಮನೆಯಲ್ಲಿ ಈಗಲೂ ಹೇಳುತ್ತಾರೆ. ಕೂಸು ಹುಟ್ಟುವ ಮೊದಲೇ ಹೊಸ ಬಟ್ಟೆ ತಂದರೆ ಹಾಗೇ ಆಗುವುದಂತೆ, ಬಟ್ಟೆಯೇ ಒಲ್ಲೆ ಅನ್ನುವುದಂತೆ. ಅವ್ವ ಇದನ್ನು ಹೇಳುವಾಗ ಎದುರಿಗೆ ಕೂತವರೆಲ್ಲ ತಲೆಯಾಡಿಸುತ್ತಾರೆ. ನನಗೆ ಆಗುವುದಿಲ್ಲ. ಕಾಲೇಜಿನುದ್ದಕ್ಕೂ ಚರ್ಚಾಸ್ಪರ್ಧೆಗಳಲ್ಲಿ ನಿಂತವಳು ನಾನು. ಬಟ್ಟೆಗೆ ಒಲ್ಲೆ ಅನ್ನಲು ಬರುತ್ತದೆ ಎನ್ನುವವರು ಮೊದಲು ಅದನ್ನು ಸಾಬೀತು ಮಾಡಲಿ. ಹತ್ತಿ ಬಟ್ಟೆ ಅಷ್ಟು ಸುಕ್ಕಾಗಬೇಕಾದರೆ ನೀರು ಬೇಕು, ಹಿಂಡುವ ಕೈ ಬೇಕು, ಹಿಂಡಿದ್ದನ್ನು ಬಿಡಿಸದೆ ಎದ್ದು ಹೋಗುವವರೊಬ್ಬರು ಬೇಕು.

ಅಕ್ಕ ಚೊಚ್ಚಲ ಹೆರಿಗೆಗೆಂದು ಬ್ರಹ್ಮಪುರದ ನಮ್ಮ ಮನೆಗೆ ಬಂದಿದ್ದಳು. ನಮ್ಮಲ್ಲಿ ತೊಟ್ಟಿಲಿಗೆ ಹಾಸುವ ಕೌದಿ ಕಮಲಾಪುರದ ದೊಡ್ಡವ್ವನ ಕೈಯದೇ ಆಗಬೇಕು. ಅವ್ವನ ಅಕ್ಕ ಅವಳು. ತನ್ನ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಸಾಲು ಹಿಡಿದು ಹೊಲಿಯುತ್ತಾಳೆ. ಅಕ್ಕ ಮಲಗಿದ್ದು ಅದರ ಮೇಲೆ, ನಾನು ಮಲಗಿದ್ದೂ ಅದರ ಮೇಲೆ. ದೊಡ್ಡವ್ವನಿಗೆ ಮಕ್ಕಳಿಲ್ಲ. ಇದನ್ನು ವಾದಕ್ಕೆಂದು ಹೇಳುತ್ತಿಲ್ಲ, ಸಂಗತಿ ಎಂದು ಹೇಳುತ್ತಿದ್ದೇನೆ.

ಅಕ್ಕನ ಅತ್ತೆ ನೆಹರು ಗಂಜ್ ಮಾರುಕಟ್ಟೆಯಲ್ಲಿ ಬೇಳೆ ವ್ಯಾಪಾರ ಮಾಡುವ ಮನೆಯವರು. ಅವರು ಈ ಸಲ ಬೇರೆಯೇ ಮಾತು ಹೇಳಿ ಕಳಿಸಿದರು. "ಹಳೀ ಬಟ್ಟಿ ಬ್ಯಾಡ್ರಿ. ಎಳೀ ಕೂಸಿನ ಮೈ, ಹೊಸಾದ ಇರ್ಲಿ." ಮಾತಿನ ಹಿಂದೆಯೇ ಬಟ್ಟೆಯೂ ಬಂತು: ತಿಳಿ ಹಳದಿ ಹತ್ತಿ, ಮೇಲೆ ಸಣ್ಣ ಕೆಂಪು ಹೂ. ಅವರ ಮಾತಿನಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ, ಹಾಗೆಂದು ಅವ್ವನಿಗೆ ಹೇಳಿಯೂಬಿಟ್ಟೆ. ಅದಕ್ಕೇ ಇರಬೇಕು, ಬಟ್ಟೆಯನ್ನು ಕಮಲಾಪುರಕ್ಕೆ ಒಯ್ಯುವ ಕೆಲಸ ನನ್ನ ತಲೆಗೇ ಬಂತು.

ದೊಡ್ಡವ್ವ ಬಟ್ಟೆಯ ಅಂಚನ್ನು ಬೆರಳುಗಳ ನಡುವೆ ಉಜ್ಜಿದಳು. "ಗಂಜಿ ಭಾಳ ಅದ."

"ಅದಕ್ಕ ಮೊದಲ ತೊಳೀಬೇಕು ದೊಡ್ಡವ್ವ. ತೊಳೀಲಾರದ ಹೊಲದ್ರ ಆಮ್ಯಾಲ ಬಟ್ಟಿ ಕುಗ್ಗಿ ಕೌದಿ ಮುದುಡ್ತದ. ಆ ಕೆಂಪು ಬಣ್ಣಾನೂ ಬಿಡ್ತದ. ಬಕೀಟಿನ್ಯಾಗ ತುರಕಬ್ಯಾಡ, ಬಿಚ್ಚಿ ನೆನೀ ಹಾಕು. ಹಿಂಡಬ್ಯಾಡ. ನೀರು ತಾನ ಇಳೀಲಿ, ಝಾಡಿಸಿ ನೆರಳಿಗೆ ಹಾಕು. ಪೂರಾ ಒಣಗೂ ಮೊದಲ ಇಸ್ತ್ರಿ..."

"ಮುಗೀತೇನ್ ವಕೀಲ್ ಸಾಬ್? ನಿನ್ನ ಉಚ್ಚಿ ಬಟ್ಟಿ ತೊಳದಾಕಿ ನಾ. ಬಟ್ಟಿ ತೊಳಿಯೂದು ನನಗ ಹೇಳ್ಲಾಕ ಬಂದಾಳ!"

"ಉಚ್ಚಿ ಬಟ್ಟಿ ಸುಕ್ಕಾದ್ರ ಯಾರ ಕೇಳ್ತಾರ?"

ನಕ್ಕಳು. ನಾನು ಹೊರಡುವಾಗ ಒಂದು ಚಿಪ್ಪು ಕೆಂಪು ಬಾಳೆಹಣ್ಣನ್ನು ಅಕ್ಕನಿಗೆಂದು ಕೈಗಿಟ್ಟಳು. ಬಟ್ಟೆಯ ಚೀಲವನ್ನು ಗೂಟಕ್ಕೆ ತೂಗುಹಾಕಿದಳು. ಆಮೇಲೆ ಅವಳು ಅದರತ್ತ ನೋಡಲೇ ಇಲ್ಲ ಎಂಬುದು ಆಗ ನನ್ನ ಗಮನಕ್ಕೆ ಬರಲಿಲ್ಲ.

ಮತ್ತೊಮ್ಮೆ ಹೋದಾಗ ಬಟ್ಟೆ ಪಡಸಾಲೆಯ ಮೂಲೆಯಲ್ಲಿ ಹಗ್ಗದಂತೆ ಬಿದ್ದಿತ್ತು. ಬಿಗಿಯಾಗಿ ಹಿಂಡಿ, ತುದಿಗೊಂದು ಗಂಟು ಹಾಕಿ, ಹಾಗೇ ಒಣಗಲು ಬಿಟ್ಟದ್ದು. ಗಂಟು ಬಿಚ್ಚಿ ಹರಡಿದರೆ ಉದ್ದಕ್ಕೂ ಓರೆ ಓರೆ ಗೆರೆಗಳು, ಉಗುರಿನಿಂದ ಗೀರಿದ ಹಾಗೆ. ಪಕ್ಕದಲ್ಲೇ ದೊಡ್ಡವ್ವನ ಹಳೆಯ ಹಸಿರು ಸೀರೆ ಮಡಚಿ ಹಾಸಿತ್ತು, ಅದಕ್ಕೆ ಹೊಲಿಗೆಯೂ ಶುರುವಾಗಿತ್ತು.

"ನೋಡು ಹೆಂಗಾಗ್ಯದ," ಅಂದಳು. "ಇದರ ಮ್ಯಾಲ ಹೊಲದ್ರ ಒಂದೊಂದು ಸುಕ್ಕೂ ದಾರದಾಗ ಸಿಕ್ಕೊಂಡು ಕೂಡ್ತದ. ಕೂಸಿನ ಬೆನ್ನಿಗಿ ಒತ್ತತದ. ಹಳೀದ ಬೇಷ್."

ಅವ್ವನಿಗೆ ಫೋನ್ ಹಚ್ಚಿದೆ. ಮೊದಲು "ವಯಸ್ಸಾಗ್ಯದ, ಮರ್ತಿರ್ತಾಳ" ಅಂದಳು. ಆಮೇಲೆ ಅದೂ ಸಾಲದೆನಿಸಿತೋ ಏನೋ, ಕೂಸು ಹುಟ್ಟುವ ಮೊದಲೇ ತಂದ ಹೊಸ ಬಟ್ಟೆ ಒಲ್ಲೆ ಅನ್ನುತ್ತದೆ ಎಂಬ ಮಾತು ತೆಗೆದಳು. ಹಿಂದಿನಿಂದ ಅಕ್ಕನ ದನಿ ಕೇಳಿಸಿತು: "ನಮ್ಮ ಅತ್ತಿಗಿ ಏನಂತ ಹೇಳ್ಲಿ?"

ನಾನು ಅಂಗಳಕ್ಕೆ ಬಂದೆ. ತಂತಿಯ ಮೇಲೆ ದೊಡ್ಡವ್ವ ಆ ಬೆಳಿಗ್ಗೆ ಒಗೆದ ಸೀರೆ ಇತ್ತು, ಇಸ್ತ್ರಿ ಮಾಡಿದಷ್ಟು ಸಪಾಟು. ಅವಳ ಪದ್ಧತಿ ನನಗೆ ಗೊತ್ತು. ಒಗೆದ ಸೀರೆಯ ಒಂದು ತುದಿಯನ್ನು ಪಕ್ಕದ ಮನೆಯಾಕೆಗೆ ಕೊಟ್ಟು, ಇನ್ನೊಂದನ್ನು ತಾನು ಹಿಡಿದು, ಇಬ್ಬರೂ ಎದುರುಬದುರು ನಿಂತು ಜಗ್ಗಿ ಝಾಡಿಸದೆ ಅವಳು ಯಾವ ಬಟ್ಟೆಯನ್ನೂ ತಂತಿಗೆ ಹಾಕಿದವಳಲ್ಲ. ಮರೆವು ಎಂದರೆ ಒಪ್ಪಬಹುದಿತ್ತು. ಆದರೆ ದಿನದ ಸೀರೆಯನ್ನು ಬಿಟ್ಟು ಇದೊಂದನ್ನೇ ಹುಡುಕಿಕೊಂಡು ಬರುವ ಮರೆವನ್ನು ಹೇಗೆ ಒಪ್ಪಲಿ? ಕೇಳುವುದು ಆಮೇಲೆ. ಸುಕ್ಕು ತೆಗೆಯುವುದು ಮೊದಲು.

ಬಟ್ಟೆಯನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಅಗಲವಾಗಿ ಬಿಟ್ಟು ನೆನೆಹಾಕಿದೆ. ಒಣಗಿ ಕೂತ ಸುಕ್ಕಿನ ಮೇಲೆ ಬರೀ ಇಸ್ತ್ರಿ ತಿಕ್ಕಿದರೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಎಳೆ ಮತ್ತೆ ನೀರು ಕುಡಿದು ಸಡಿಲಾಗಬೇಕು. ನೆನೆದ ಮೇಲೆ ಹಿಂಡದೆ ಎತ್ತಿ, ಒಣ ಟವೆಲ್ಲಿನಲ್ಲಿ ಸುತ್ತಿ ಒತ್ತಿದೆ. ಆಮೇಲೆ ತುದಿಯನ್ನು ಮುಂದೆ ಚಾಚಿದೆ. "ಹಿಡೀ ದೊಡ್ಡವ್ವ."

ಹಿಡಿಯಲೋ ಬೇಡವೋ ಎಂದು ಸ್ವಲ್ಪ ಹೊತ್ತು ನಿಂತಳು. ಹಿಡಿದಳು. ಹಿಡಿದ ಮೇಲೆ ಕೈ ಸುಮ್ಮನಿರಬೇಕಲ್ಲ.

"ಜಗ್ಗು, ಊಟ ಮಾಡಿ ಬಂದಿಲ್ಲೇನು? ನಿನ್ನ ಜೋರೆಲ್ಲ ಬಾಯಾಗ ಅದ!"

ಉದ್ದಕ್ಕೆ ಜಗ್ಗಿದೆವು, ಮೂಲೆಯಿಂದ ಮೂಲೆಗೆ ಜಗ್ಗಿದೆವು, ಝಾಡಿಸಿದೆವು. ಓರೆಗೆರೆಗಳು ಒಂದೊಂದಾಗಿ ಬಿಡುತ್ತ ಬಂದವು.

"ಹೊಸಾ ಬಟ್ಟ್ಯಾಗ ಏನದ? ಅಂಗಡಿ ವಾಸನಿ ಅದ," ಅಂದಳು.

"ಹಳೀದ್ರಾಗರ ಏನದ? ಗಂಜಿ ಹೋಗಿರ್ತದ, ನೂಲು ಸವದಿರ್ತದ, ಅದಕ್ಕ ಮೆತ್ತಗಿರ್ತದ. ಬ್ಯಾರೆ ಏನಿಲ್ಲ."

"ಆ ನೂಲು ಯಾರ ಮೈಮ್ಯಾಲ ಸವದದ?" ಎಂದು ಕೇಳಿ, "ಈ ಸಲ ಕೌದ್ಯಾಗ ನಂದೇನೂ ಇರಂಗಿಲ್ಲ ಅಂದಂಗಾತು," ಅಂದಳು.

ನನಗೆ ಉತ್ತರ ಹೊಳೆಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹೊಳೆದಿತ್ತು: ಮೈ ಯಾರದಾದರೇನು, ಸವೆತ ಸವೆತವೇ. ಆದರೆ ಆ ತುದಿಯಲ್ಲಿ ಅವಳು ಜಗ್ಗುವುದನ್ನು ನಿಲ್ಲಿಸಿದ್ದಳು. ಹಳದಿ ಬಟ್ಟೆ ನಮ್ಮಿಬ್ಬರ ನಡುವೆ ಜೋತುಬಿದ್ದಿತ್ತು. ಬಿಟ್ಟರೆ ಮತ್ತೆ ಸುಕ್ಕು. "ಜಗ್ಗು," ಅಂದೆ. ಜಗ್ಗಿದಳು.

ನೆರಳಲ್ಲಿ ಅರೆಬರೆ ಆರಿದ ಮೇಲೆ ಒಳಮೈ ಮೇಲೆ ಮಾಡಿ ಇಸ್ತ್ರಿ ಹಾಕಿದೆ. ಎಳೆದಾಡದೆ, ಇಟ್ಟು, ಒತ್ತಿ, ಎತ್ತಿ, ಪಕ್ಕಕ್ಕೆ ಇಟ್ಟು. ಅಂಗಡಿಯ ಮಡಿಕೆಯ ಗೆರೆ ಮಾತ್ರ ನಡುವೆ ಉಳಿಯಿತು. ನೀರು ಚಿಮುಕಿಸಿದೆ, ಒದ್ದೆ ಕರ್ಚೀಫು ಹಾಸಿ ಒತ್ತಿದೆ. ಮಾಸಿತು, ಹೋಗಲಿಲ್ಲ. "ಇರ್ಲಿ ಬಿಡು, ಮೊದಲನೇ ಸಾಲು ಅದರ ಮ್ಯಾಲ ಹಾಕ್ತೀನಿ," ಅಂದಳು ದೊಡ್ಡವ್ವ. ಹಾಗಾದರೆ ಹೊಲಿಯುತ್ತಾಳೆ ಎಂದಾಯಿತು.

ಬಟ್ಟೆ ಮೇಲಕ್ಕೂ ಕೆಳಕ್ಕೂ ಆಗುವಷ್ಟಿತ್ತು. ನಡುವಿನ ಪದರಕ್ಕೆ? ಅವಳ ಕಣ್ಣು ಹಸಿರು ಸೀರೆಯ ಕಡೆಗಿತ್ತು. ನಾನು ಅಕ್ಕನ ಅತ್ತೆಗೇ ಫೋನ್ ಮಾಡಿದೆ. ಕುದಿಸಿ ತೊಳೆಯುವುದು, ಬಿಸಿಲಿಗೆ ಹಾಕುವುದು, ಹಳೆಯ ನೂಲು ಎಳೆಯ ಚರ್ಮಕ್ಕೆ ಹಿತವಾಗುವುದು, ಎಲ್ಲವನ್ನೂ ವಾದಕ್ಕೆಂದು ಜೋಡಿಸಿಟ್ಟುಕೊಂಡಿದ್ದೆ.

"ಮ್ಯಾಲ, ಕೆಳಗ ನೀವು ಕೊಟ್ಟಿದ್ದು ಅದ ರೀ. ನಡುವ ಹಳೀ ಸೀರಿ ಹಾಕಿದ್ರ ನಡೀತದೇನ್ರಿ?"

"ಯಾರ ಸೀರಿ?"

"ನಮ್ಮ ದೊಡ್ಡವ್ವಂದು ರೀ."

"ಅಯ್ಯ, ಅವರದಾದ್ರ ಹಾಕ್ರಿ! ನಾ ಅಂದಿದ್ದು ಸಂತ್ಯಾಗ ಕಿಲೋ ಮ್ಯಾಲ ಮಾರ್ತಾರಲ್ಲ, ಆ ಬಟ್ಟಿ. ಗುರುತಿಲ್ಲ, ಪರಿಚಯಿಲ್ಲ. ಮನ್ಯಾಗಿಂದು ಯಾರು ಬ್ಯಾಡ ಅಂದಾರ?"

ನನ್ನ ವಾದ ಒಂದೂ ಬೇಕಾಗಲಿಲ್ಲ. ಇದನ್ನು ಮೊದಲೇ ಕೇಳಬಹುದಿತ್ತು. ಯಾರೂ ಕೇಳಿರಲಿಲ್ಲ, ಎಲ್ಲಕ್ಕೂ ಎದುರು ಪ್ರಶ್ನೆ ಹಾಕುವ ನಾನೂ.

ಅಕ್ಕನಿಗೆ ಕೂಸು ಹುಟ್ಟಿ, ಅದನ್ನು ತೊಟ್ಟಿಲಿಗೆ ಹಾಕುವ ಮುನ್ನಾದಿನ ದೊಡ್ಡವ್ವ ಬ್ರಹ್ಮಪುರಕ್ಕೆ ಬಂದು, ಕೊನೆಯ ಮೂಲೆಯನ್ನು ನಮ್ಮ ಮನೆಯಲ್ಲೇ ಹೊಲಿದಳು. ಕೌದಿ ಹಸಿದಿರಬಾರದೆಂದು ಆ ಮೂಲೆಯೊಳಗೆ ಚೂರು ಅಕ್ಕಿಕಾಳು ಹಾಕಿದಳು. ಇರುವೆ ಬರುತ್ತವೆ ಅನ್ನಬೇಕೆನಿಸಿತು. ಕೌದಿಯ ಮೇಲೆ ಕೈಯಾಡಿಸಿದೆ. ಎಲ್ಲಿಯೂ ಒಂದು ಸುಕ್ಕಿಲ್ಲ. ಒಳಕೋಣೆಯಲ್ಲಿ ಅವ್ವ ಯಾರಿಗೋ ಬಟ್ಟೆ ಒಲ್ಲೆ ಅಂದ ಕಥೆ ಹೇಳುತ್ತಿದ್ದಳು. ದೊಡ್ಡವ್ವ ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ಬಾಗಿ ಹಲ್ಲಿನಿಂದ ದಾರ ಕಡಿಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದೆ:

"ದಿನಾ ಸೀರಿ ಜಗ್ಗಿ ಝಾಡಿಸಿ ತಂತಿಗಿ ಹಾಕಾಕಿ ನೀ. ಅವತ್ತ ಆ ಬಟ್ಟಿಗಿ ಗಂಟು ಯಾಕ ಹಾಕಿದ್ದಿ, ದೊಡ್ಡವ್ವ?"