ಕರ್ಪೂರದೆಣ್ಣೆಯ ಬಾಟಲಿ

ಕರ್ಪೂರ ಹಾಕಿ ಕಾಯಿಸಿದ ತೆಂಗಿನೆಣ್ಣೆಯ ವಾಸನೆ ನಿಮ್ಮ ಮನೆಯಲ್ಲೂ ಇದ್ದಿರಬಹುದು. ಬಾಡ್‌ಹೂವೆಡಾರ್ಪ್ ಎಂಬ ಡಚ್ ಊರಿನ ಈ ಕಿಚನ್ನಿನಲ್ಲಿ ಬಾಟಲಿಯ ಮುಚ್ಚಳ ತೆಗೆದರೆ ಸಾಕು, ಮಂಗಳೂರಿನ ನಮ್ಮ ಮನೆ ಕೆಂಪು ನೆಲದ ತಂಪಿನ ಸಮೇತ ಬಂದು ನಿಲ್ಲುತ್ತದೆ. ಆ ಮನೆ ಈಗಿಲ್ಲ, ಅಲ್ಲೊಂದು ಫ್ಲಾಟ್ ಎದ್ದಿದೆ. ನಾನು ಕಾನ್ವೆಂಟಿನಿಂದ ಬಂದು ಯೂನಿಫಾರ್ಮ್ ಬಿಚ್ಚುವ ಮೊದಲೇ ತಮ್ಮ ಸುಧಾಕರ ಸಿಪ್ಪೆ ಸುಲಿಯದ ತೆಂಗಿನಕಾಯಿಯನ್ನು ಕಂಕುಳಲ್ಲಿ ಒತ್ತಿಕೊಂಡು, ಅಂಗಳದಲ್ಲಿ ಅಡ್ಡ ನಿಂತ ಕಸಿನ್ಸ್ ಮೇಲೆ ನುಗ್ಗುತ್ತಿದ್ದ. "ಕಾಯಿ ಒಡೆದ್ರೆ ಚಟ್ನಿಗಾಯ್ತು. ನಿನ್ನ ತಲೆ ಒಡೆದ್ರೆ ಎಂತಕ್ಕಾಗ್ತದೆ?" ಎನ್ನುತ್ತಿದ್ದಳು ಅಮ್ಮ. ಬಿದ್ದಲ್ಲಿಂದೆದ್ದು "ಎಂತ ಆಗ್ಲಿಲ್ಲ" ಎನ್ನುತ್ತಿದ್ದ. ನೋವು ಅಡಗಿಸುವುದರಲ್ಲಿ ಅವನು ಎಕ್ಸ್‌ಪರ್ಟ್. ಕದ್ದು ಎಣ್ಣೆ ಹಚ್ಚಿಕೊಂಡ ದಿನ ಮಾತ್ರ ವಾಸನೆಯೇ ಅವನನ್ನು ಹಿಡಿದುಕೊಡುತ್ತಿತ್ತು; ಅಮ್ಮ ಬಂದು ಪೆಟ್ಟಾದ ಜಾಗಕ್ಕೇ ಸರಿಯಾಗಿ ಕೈ ಇಡುತ್ತಿದ್ದಳು.

ಮುಂದೆ ಡಾಕ್ಟರ್ ಮಾವ ಅವನನ್ನು ಇಂಗ್ಲೆಂಡಿಗೆ ಕರೆದೊಯ್ದರು. ಅಲ್ಲಿ ಗಿರಣಿಗಳ ಊರೊಂದರಲ್ಲಿ ರಗ್ಬಿ ಲೀಗ್ ಆಡಿದ, ಮೂಗು ಮುರಿದುಕೊಂಡ, ಮೊಣಕಾಲು ಕೆಡಿಸಿಕೊಂಡ. ಡಚ್ ಹುಡುಗಿಯನ್ನು ಮದುವೆಯಾಗಿ ಈ ದೇಶಕ್ಕೆ ಬಂದು ಕೋಚ್ ಆದ. ವಯಸ್ಸಾದ ಮೇಲೂ ಡೆಲ್ಫ್ಟಿನ ಹುಡುಗರಿಗೆ ಕಲಿಸುವುದು ಬಿಡಲಿಲ್ಲ. ಆ ಆಟದಲ್ಲಿ ಕೆಡವಿಸಿಕೊಂಡವನು ತಾನೇ ಎದ್ದು, ಚೆಂಡನ್ನು ನೆಲಕ್ಕಿಟ್ಟು, ಕಾಲಿನಿಂದ ಹಿಂದಕ್ಕೆ ಹೊರಳಿಸಬೇಕು. ಹಿಂದೆ ನಿಂತ ಅವನ ಕಡೆಯವನು ಎತ್ತಿಕೊಳ್ಳುತ್ತಾನೆ. "ಬೀಳೋದನ್ನ ಯಾರೂ ಕಲಿಸ್ಬೇಕಾಗಿಲ್ಲ ಅಕ್ಕ," ಎನ್ನುತ್ತಿದ್ದ, "ನಂದು ಅದರ ನಂತರದ ಡಿಪಾರ್ಟ್‌ಮೆಂಟ್."

ಹೆಂಡತಿ ತೀರಿಹೋಗಿ ಅವನು ಒಂಟಿಯಾದನೆಂದು ಸ್ವಲ್ಪ ದಿನಕ್ಕೆ ಈ ಮನೆಗೆ ಬಂದವಳು ನಾನು, ಲಾಕ್‌ಡೌನ್‌ನಲ್ಲಿ ಸಿಕ್ಕಿಕೊಂಡೆ. ಪಕ್ಕದ ಏರ್‌ಪೋರ್ಟಿನಿಂದ ಹೆಂಚು ನಡುಗಿಸಿ ಹಾರುತ್ತಿದ್ದ ವಿಮಾನಗಳು ಒಂದೊಂದಾಗಿ ನಿಂತವು. ಗೋಡೆ ಗಡಿಯಾರದ ಸದ್ದು ಎಷ್ಟು ಜೋರೆಂದು ಆಗಲೇ ತಿಳಿದದ್ದು. ಕೊನೆಯ ಪ್ರಾಕ್ಟೀಸ್ ಮುಗಿಸಿ ಬಂದವನು ಕೆಮ್ಮುತ್ತಿದ್ದ. "ಎಂತ ಇಲ್ಲ, ತಂಡಿಗಾಳಿ." ನಾನು ಎಣ್ಣೆ ಕಾಯಿಸಿ ಎದೆಗೆ ಹಚ್ಚಲು ಕೂತೆ. "ಇದೆಂತ, ಬರೀ ಎಣ್ಣೆಯಾ? ಕರ್ಪೂರ ಹಾಕ್ಲಿಕ್ಕೆ ಮರೆತೆಯಾ ಅಕ್ಕ?" ಎಂದ.

ಇಡೀ ಮನೆ ಕರ್ಪೂರದಿಂದ ಘಮ್ಮೆನ್ನುತ್ತಿತ್ತು. ನನ್ನ ಕೈ ಅವನ ಎದೆಯ ಮೇಲೆ ಅಲ್ಲೇ ನಿಂತಿತು.

ಆ ವಾರವೇ ಆಂಬ್ಯುಲೆನ್ಸ್ ಬಂತು. ಸ್ಟ್ರೆಚರ್ ಬೇಡವೆಂದು ತಾನೇ ಎದ್ದ. ನಾನೂ ಬರುತ್ತೇನೆಂದರೆ, ಮಾಸ್ಕಿನೊಳಗಿಂದ ಒಬ್ಬಾಕೆ "ಸಾರಿ ಮೇಡಂ, ನೀವು ಇಲ್ಲೇ ಇರಬೇಕು" ಎಂದಳು. ಬಾಗಿಲಲ್ಲಿ ಮನೆಚಪ್ಪಲಿ ಕಳಚಿ ಶೂ ಮೆಟ್ಟಿಕೊಂಡ ಸುಧಾಕರ, ಕಳಚಿದ್ದನ್ನು ಕಾಲಿನಿಂದ ಮೆಲ್ಲಗೆ ಹಿಂದಕ್ಕೆ, ನನ್ನ ಕಡೆಗೆ ತಳ್ಳಿದ. ತಿರುಗಿ ನೋಡಲಿಲ್ಲ. ನಾನು ಎತ್ತಿಕೊಂಡೆ.

ಅವನು ಆಸ್ಪತ್ರೆಯಲ್ಲೇ ಹೋದ. ಈಗ ಮತ್ತೆ ಲಾಕ್‌ಡೌನ್. ಮಂಗಳೂರಿನ ಆ ಮನೆ ಬಲ್ಲವರಲ್ಲಿ ನಾನೊಬ್ಬಳೇ ಉಳಿದೆ. ಎದ್ದ ಕೂಡಲೇ ಕಾಫಿಗೂ ಮೊದಲು ಬಾಟಲಿ ತೆರೆದು, ವಾಸನೆ ಬರುತ್ತದೋ ಇಲ್ಲವೋ ಎಂದು ಕಣ್ಣು ಮುಚ್ಚಿ ಮೂಸುತ್ತೇನೆ. ಇವತ್ತೂ ಬಂತು.