ಮೀಸೆಯ ಮೇಲೊಂದು ಸ್ವಿಚ್ಚು

ನನ್ನ ಓರಗಿತ್ತಿ ವಿದ್ಯುತ್ ಮೀಟರ್ ತಯಾರಿಸುವ ಕಾರ್ಖಾನೆಯಲ್ಲಿ ಬೆಸುಗೆ ಹಾಕುತ್ತಿದ್ದಳು. ಮದುವೆಗೆ ಮುಂಚೆ ಸೇರಿದವಳು ಆ ವಿಭಾಗ ಮುಚ್ಚುವವರೆಗೂ ಅಲ್ಲೇ ಇದ್ದಳು. ಉರುಳುವ ಪಟ್ಟಿಯ ಮೇಲೆ ಬೋರ್ಡು ಬರುತ್ತಿತ್ತು. ಅದರ ಬಲತುದಿಗೆ ಬೆಸುಗೆ ಹಾಕಿದರೆ ಮುಂದೆ ಹೋಗುತ್ತಿತ್ತು. ಎಡತುದಿ ಬೇರೊಬ್ಬಳ ಪಾಲು. ಮನೆಯ ಗೋಡೆಯಲ್ಲಿದ್ದ ಮೀಟರನ್ನು ತೋರಿಸಿ ಯಾರಾದರೂ "ಇದು ನೀವು ಮಾಡಿದ್ದಾ?" ಎಂದರೆ, "ಇದರ ಮೂಲೆ ಮಾಡಿದೀನಿ" ಎನ್ನುತ್ತಿದ್ದಳು. ತಮಾಷೆಗೆ ಹೇಳುತ್ತಿದ್ದ ಮಾತಲ್ಲ ಅದು.

ಸಂಗೀತದ ಗಂಧಗಾಳಿ ಅವಳಿಗಿಲ್ಲ. ಪೆಡಲ್ ಮನೆಗೆ ಬಂದದ್ದು ಅವಳ ಅಳಿಯನಿಂದ. ಅವನಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ರಜೆಯ ದಿನ ಒಂದು ವಾದ್ಯತಂಡದಲ್ಲಿ ಗಿಟಾರ್ ನುಡಿಸುತ್ತಾನೆ. ಗಿಟಾರಿಗೂ ಸ್ಪೀಕರಿಗೂ ನಡುವೆ ನೆಲದ ಮೇಲಿಟ್ಟು ಕಾಲಿನಿಂದ ಒತ್ತುವ ಚಿಕ್ಕ ಲೋಹದ ಡಬ್ಬಿಗೆ ಪೆಡಲ್ ಎನ್ನುತ್ತಾರೆ. ತಂತಿಯ ದನಿಯನ್ನು ಅದು ಒರಟಾಗಿಸುತ್ತದೆ, ಇಲ್ಲವೇ ನಡುಗಿಸುತ್ತದೆ. ಅಳಿಯನ ಪೆಡಲ್ ಕೆಟ್ಟಿತ್ತು. ಓರಗಿತ್ತಿ ಸ್ಕ್ರೂ ಬಿಚ್ಚಿ ಒಳಗೆ ನೋಡಿ, "ಇಷ್ಟೇನಾ?" ಎಂದಳು. ಬಿಟ್ಟುಹೋಗಿದ್ದ ವೈರನ್ನು ಬೆಸೆದು ಕೊಟ್ಟಳು.

ಆದರೆ ಆ "ಇಷ್ಟೇನಾ" ಅವಳ ತಲೆಯಿಂದ ಇಳಿಯಲಿಲ್ಲ. ಒಬ್ಬಳೇ ಕೂತು, ಮೊದಲಿನಿಂದ ಕೊನೆಯವರೆಗೆ ಮಾಡಿ ಮುಗಿಸಬಹುದಾದ ವಸ್ತುವೊಂದು ಅವಳ ಕೈಗೆ ಮೊದಲ ಬಾರಿಗೆ ಸಿಕ್ಕಿತ್ತು. ಒಂದು ಪೆಡಲನ್ನು ಪೂರ್ತಿ ತಾನೇ ಮಾಡಬೇಕು, ಅದು ವೇದಿಕೆಯ ಮೇಲೆ ನುಡಿಯಬೇಕು ಎಂದು ಹಟ ಹಿಡಿದಳು.

ಇಸ್ತ್ರಿ ಮೇಜೇ ಕಾರ್ಖಾನೆಯಾಯಿತು. ಬಟ್ಟೆಗಳು ಸುಕ್ಕಾಗಿಯೇ ಹೊರಗೆ ಹೋಗತೊಡಗಿದವು. ಮೊದಲ ಪೆಡಲ್ ಉಸಿರೆತ್ತಲಿಲ್ಲ. ಎರಡನೆಯದು ಸುಟ್ಟ ವಾಸನೆ ಬಿಟ್ಟಿತು. ಅದರ ನಂತರದ್ದನ್ನು ಇನ್ನೂ ಬಣ್ಣ ಕಾಣದ ಅಲ್ಯೂಮಿನಿಯಂ ಡಬ್ಬಿಯಲ್ಲಿ ಕೂರಿಸಿ, ಅಳಿಯನನ್ನು ಕರೆಸಿ ನುಡಿಸಿದಾಗ ಗರಗರ ಎಂದು ಭಾರಿ ದನಿಯೊಂದು ಹೊರಟಿತು. ಒಳಕೋಣೆಯಲ್ಲಿ ಮಲಗಿದ್ದ ನನ್ನ ಮೈದುನ ಎದ್ದು ಬಂದ.

"ಯಾರದು ಗೊರಕೆ ಹೊಡೀತಿರೋದು?"

"ನೀವೇ ರೀ. ನಾನು ಬ್ಯಾಟರಿ ಹಾಕಿದೀನಿ ಅಷ್ಟೇ," ಎಂದಳು ಹೆಂಡತಿ.

ಪೆಡಲಿನ ಹೆಸರು ಗೊರಕೆ ಎಂದೇ ಆಯಿತು. ಇನ್ನು ಅದಕ್ಕೊಂದು ಮುಖ ಬೇಕಿತ್ತು. ಒಳಗಿನದನ್ನೆಲ್ಲ ಹೊರತೆಗೆದು, ಡಬ್ಬಿಗೆ ಉಪ್ಪುಕಾಗದ ತಿಕ್ಕಿ, ಎನಾಮೆಲ್ ಬಣ್ಣದಲ್ಲಿ ಗಂಡನ ನಿದ್ದೆಯ ಮುಖವನ್ನೇ ಬರೆದಳು. ಮುಚ್ಚಿದ ಕಣ್ಣುಗಳ ಜಾಗದಲ್ಲಿ ಎರಡು ತಿರುಗುಗುಂಡಿ, ಮೂಗಿನ ಜಾಗದಲ್ಲಿ ಇನ್ನೊಂದು. ಅವುಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಜೋರು, ಗರಗರ, ಕೀರಲು ಎಂದು ಬರೆದಳು. ಕಾಲಿನಿಂದ ಒತ್ತುವ ಸ್ವಿಚ್ಚು ಮೀಸೆಯ ನಟ್ಟನಡುವೆ ಬಂತು. ಡಬ್ಬಿಯ ಒಳಮೈಗೂ ಗಂಟಲಿನ ಕೆಂಪು ಬಣ್ಣ ಬಳಿದು ವಾರ್ನಿಷ್ ಹಚ್ಚಿದಳು.

"ಒಳಗೆ ಯಾರು ನೋಡ್ತಾರೆ?" ಎಂದು ಕೇಳಿದೆ.

"ಬಿಚ್ಚಿದವರು ನೋಡ್ತಾರೆ ಅಕ್ಕ. ನಾನು ಇಷ್ಟು ವರ್ಷ ನೋಡಿದ್ದು ಒಳಗನ್ನೇ ಅಲ್ವಾ?"

ತಂಡದ ಅಭ್ಯಾಸ ನಡೆಯುವುದು ಒಂದು ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಭಾನುವಾರದ ಕಾರ್ಯಕ್ರಮಕ್ಕೆ ಮುಂಚೆ ಪರೀಕ್ಷಿಸಲೆಂದು ಎಲ್ಲರೂ ಹೋದೆವು. ಅಳಿಯ ವೈರು ಚುಚ್ಚಿ ಕಾಲೆತ್ತಿದ. ಎತ್ತಿದ ಕಾಲು ಅಲ್ಲೇ ನಿಂತಿತು.

"ಅತ್ತೆ, ಇದು ಮಾವನ ಮುಖ."

"ಹೌದು. ಚೆನ್ನಾಗಿ ಬಂದಿಲ್ವಾ?"

"ಬಂದಿರೋದೇ ಕಷ್ಟ. ಮೀಸೆ ಮೇಲೆ ಹೇಗೆ ಕಾಲಿಡ್ಲಿ?"

ಮೈದುನ ಹಿಂದಿನ ಕುರ್ಚಿಯಿಂದಲೇ ಅಪ್ಪಣೆ ಕೊಟ್ಟ: "ತುಳೀರಿ ಅಳಿಯಂದಿರೇ. ನಿಮ್ಮತ್ತೆ ಮದುವೆಯಾದಾಗಿಂದ ತುಳೀತಿದಾಳೆ, ಮೀಸೆಗೇನೂ ಆಗಿಲ್ಲ."

ಅಳಿಯ ಬೂಟು ಕಳಚಿ, ಹೆಬ್ಬೆರಳಿನಿಂದ ಒತ್ತಿದ. ಸ್ಪೀಕರಿನಿಂದ ಗುಂಯ್ ಎಂಬ ಸದ್ದು ಬಂತು. ಅದರ ಹಿಂದೆಯೇ ಒಬ್ಬ ಹೆಂಗಸು ಸ್ಪಷ್ಟವಾದ ದನಿಯಲ್ಲಿ ನಾಳೆಯೂ ಒಣಹವೆ ಮುಂದುವರಿಯಲಿದೆ ಎಂದಳು. ಪೆಡಲ್ ರೇಡಿಯೋ ಹಿಡಿದಿತ್ತು.

"ಆಂಟಿ, ನಿಮ್ಮ ಯಜಮಾನ್ರು ನಿದ್ದೇಲಿ ವಾರ್ತೆ ಓದ್ತಾರಾ?" ಎಂದ ಡ್ರಮ್ಮಿನ ಹುಡುಗ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಓರಗಿತ್ತಿ ನಗಲಿಲ್ಲ.

ತಂಡದ ಸ್ಪೀಕರ್ ನೋಡಿಕೊಳ್ಳುವ ರಿಪೇರಿಯವರು ಸ್ಕ್ರೂ ಬಿಚ್ಚಿ ನೋಡಿದರು. ಒಳ್ಳೆಯ ಮನುಷ್ಯ. "ಬೆಸುಗೆ ಅಚ್ಚುಕಟ್ಟಾಗಿದೆ ಅಮ್ಮ. ಬೋರ್ಡು ನನಗೆ ಕೊಡಿ, ಬೇರೆ ಡಬ್ಬಿಗೆ ಕೂರಿಸಿ ಸರಿ ಮಾಡ್ಕೊಡ್ತೀನಿ," ಎಂದರು.

"ಅದೇ ವಾಸಿ ಅತ್ತೆ," ಎಂದ ಅಳಿಯ. "ಗಿಟಾರ್ ಸುಮ್ಮನಿದ್ದಾಗ ಪೆಡಲ್ಲೂ ಸುಮ್ಮನಿರಬೇಕು. ಸ್ಟೇಜ್ ಮೇಲೆ ಕೈಕೊಟ್ರೆ ತಂಡದ ಮರ್ಯಾದೆ ಹೋಗತ್ತೆ."

"ಬೋರ್ಡು ನನ್ನದು, ಡಬ್ಬಿ ಇನ್ನೊಬ್ಬರದಾ? ಆ ಕೆಲಸ ಬೇಕಾದಷ್ಟು ಮಾಡಿದೀನಿ." ಅವಳು ಕೈ ಚಾಚಿದಳು. "ಕೊಡಿ ಇಲ್ಲಿ. ಅಳಿಯಂದಿರೇ, ಶನಿವಾರ ಸಂಜೆ ಬಂದು ನೋಡಿ. ಸುಮ್ಮನಾಗದಿದ್ರೆ ನಿಮ್ಮ ಹಳೇದನ್ನೇ ಒಯ್ಯಿರಿ."

ಮನೆಗೆ ಬಂದವಳೇ ಬೆಸುಗೆಗಳನ್ನೆಲ್ಲ ಭೂತಗನ್ನಡಿಯಲ್ಲಿ ನೋಡಿದಳು. ಒಂದರಲ್ಲೂ ತಪ್ಪಿರಲಿಲ್ಲ. ಬೋರ್ಡನ್ನು ಡಬ್ಬಿಯಿಂದ ಹೊರಗಿಟ್ಟು ಸ್ಪೀಕರಿಗೆ ಕೊಟ್ಟಾಗಲೂ ಅದು ರೇಡಿಯೋ ಹಿಡಿಯಿತು. ಬಣ್ಣ ಬಳಿಯುವ ಮುಂಚೆ ಅದೇ ಡಬ್ಬಿಯಲ್ಲಿ ಮಾತ್ರ ಅದು ತೆಪ್ಪಗಿತ್ತು. ಅಂದರೆ ಬರಿಯ ಲೋಹ ರೇಡಿಯೋವನ್ನು ಹೊರಗೇ ತಡೆಯುತ್ತಿತ್ತು; ಬಣ್ಣ ಬಳಿದ ಲೋಹ ತಡೆಯುತ್ತಿರಲಿಲ್ಲ. ವೈರು ಚುಚ್ಚುವ ತೂತಿನ ಅಂಚು ಲೋಹಕ್ಕೆ ಲೋಹ ತಾಗಬೇಕಾದ ಜಾಗ. ಮುಚ್ಚಳ ಕೂರುವ ಅಂಚೂ ಅಷ್ಟೇ. ಅಲ್ಲೆಲ್ಲ ಅವಳೇ ಬಣ್ಣ ತುಂಬಿದ್ದಳು.

ಅಡುಗೆಮನೆಗೆ ಬಂದು, "ಅಕ್ಕ, ಅಂದ ಮಾಡೋಕೆ ಹೋಗಿ ಗಂಟಲು ಕಟ್ಟಿಸಿದೀನಿ," ಎಂದಳು.

ಥಿನ್ನರ್ ಹಾಕಿದರೆ ಬಣ್ಣ ಕ್ಷಣದಲ್ಲಿ ಕರಗುತ್ತಿತ್ತು, ಜೊತೆಗೆ ಹೊರಗಿನ ಮುಖವೂ. ಆದ್ದರಿಂದ ಒಣಗಿದ್ದನ್ನು ಹಾಗೇ ಬ್ಲೇಡಿನಿಂದ ಕೆರೆಯಬೇಕಿತ್ತು. ತಾನೇ ಒತ್ತಿ ಒತ್ತಿ ಹಚ್ಚಿದ ವಾರ್ನಿಷ್ ಕಲ್ಲಾಗಿತ್ತು. ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೆರೆದಳು. ಕೆಂಪು ಪುಡಿ ಇಸ್ತ್ರಿ ಮೇಜಿನ ತುಂಬ ಉದುರಿತು. ಬ್ಲೇಡು ಒಮ್ಮೆ ಜಾರಿ, ಹೊರಗಿನ ಚಿತ್ರದಿಂದ ಒಂದು ಕಿವಿ ಕಿತ್ತುಬಂತು.

"ಕಿವಿ ಹೋಯ್ತಲ್ಲೇ ನಂದು!" ಎಂದ ಮೈದುನ.

"ಇದ್ದಾಗ ಕೇಳಿಸ್ಕೋತಿದ್ರಾ?" ಎಂದು ಅವಳು ತಲೆಯೆತ್ತದೆ ಕೆರೆಯುತ್ತಲೇ ಇದ್ದಳು.

ಶನಿವಾರ ಅಳಿಯ ಬಂದು ಸ್ವಿಚ್ಚು ಒತ್ತಿ, ಗಿಟಾರ್ ಮುಟ್ಟದೆ ಸ್ಪೀಕರಿಗೆ ಕಿವಿಯಿಟ್ಟು ಕುಕ್ಕರಗಾಲಿನಲ್ಲಿ ಕೂತ. ಏನೂ ಕೇಳಿಸಲಿಲ್ಲ. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡ.

ಭಾನುವಾರ ಸಭಾಂಗಣದಲ್ಲಿ ನಾವು ಹಿಂದಿನ ಸಾಲಿನಲ್ಲಿದ್ದೆವು. ಒಂದು ಹಾಡಿನ ನಡುವೆ ವಾದ್ಯಗಳೆಲ್ಲ ಒಮ್ಮೆಲೇ ನಿಂತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರುವಾಗುತ್ತವೆ. ಆ ಜಾಗಕ್ಕೆ ಬಂದಾಗ ಓರಗಿತ್ತಿ ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು. ಯಾರೋ ಕೆಮ್ಮಿದರು. ಫ್ಯಾನು ತಿರುಗುವುದು ಕೇಳಿಸಿತು. ಬೇರೆ ಸದ್ದಿರಲಿಲ್ಲ. ಆಮೇಲೆ ಅಳಿಯ ತಂತಿ ಮೀಟಿದ, ಗೊರಕೆ ಸಭಾಂಗಣದ ತುಂಬ ಎದ್ದಿತು.

ಮುಗಿದ ಮೇಲೆ ಇನ್ನೊಂದು ತಂಡದ ಗಿಟಾರಿನವನು ವೇದಿಕೆಯ ಮೇಲೆ ಬಗ್ಗಿ ಡಬ್ಬಿ ನೋಡುತ್ತಿದ್ದ. "ಚಿತ್ರ ಬರೆದವರು ಯಾರು? ಒಳಗಿನ ಕೆಲಸ ಯಾರದು?" ಎಂದು ಕೇಳಿದ.

"ಎಲ್ಲಾ ನಮ್ಮತ್ತೆ ಮಾಡಿದ್ದು," ಎಂದ ಅಳಿಯ.

"ಸ್ವಿಚ್ಚು, ಗುಂಡಿ, ಬಿಡಿಭಾಗ ಅಂಗಡಿಯವು," ಎಂದು ಓರಗಿತ್ತಿ ತಿದ್ದಿದಳು. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಅವನ ಕೈಗೆ ಕೊಟ್ಟಳು. "ಬಿಚ್ಚಿ ನೋಡಪ್ಪ. ಉಳಿದದ್ದೆಲ್ಲ ನಂದೇ."