ದೊಡ್ಡಪ್ಪನ ಕಾರಿನ ಎ.ಸಿ.

ದೊಡ್ಡಪ್ಪನ ಎಡಗಿವಿಯ ಹಿಂದೆ ಗೇರುಬೀಜದಷ್ಟು ದೊಡ್ಡ ಯಂತ್ರವೊಂದು ಸದಾ ಕೂತಿರುತ್ತಿತ್ತು. ಬಲಗಿವಿ ಪೂರ್ತಿ ಹೋಗಿತ್ತು. ಯಾರಾದರೂ ಬಾಯಿ ತೆರೆದರೆ ಸಾಕು, ಕೋರ್ಟಿನಲ್ಲಿ ಸಾಕ್ಷಿಯ ಕಡೆಗೆ ತಿರುಗುವಂತೆ ಎಡಭುಜ ಮುಂದೆ ಮಾಡಿ ತಿರುಗುತ್ತಿದ್ದರು. ಕಾಸರಗೋಡಿನಿಂದ ತಿರುವನಂತಪುರಕ್ಕೆ ಬಂದು ಸರ್ಕಾರಿ ವಕೀಲರಾಗಿ ನಿವೃತ್ತರಾದವರು. ಕೊಚ್ಚಿಯ ಕಾಕ್ಕನಾಡಿನಲ್ಲಿ ನನಗೆ ಕೆಲಸ ಸಿಗುವ ತನಕ ತಿರುವನಂತಪುರದ ಪಟ್ಟಂ ಬಡಾವಣೆಯ ಅವರ ಫ್ಲ್ಯಾಟಿನಲ್ಲೇ ನನ್ನ ಊಟ, ನನ್ನ ಓದು.

ಎಪ್ಪತ್ತು ದಾಟಿದ ಮೇಲೆ ಅವರು ಎಲೆಕ್ಟ್ರಿಕ್ ಕಾರು ಕೊಂಡರು. "ಇಂಜಿನ್ನಿನ ಗಲಾಟೆ ಇಲ್ಲ ಮಾರಾಯ, ಇನ್ನಾದರೂ ನಿನ್ನ ದೊಡ್ಡಮ್ಮ ಹೇಳುವುದು ಕೇಳ್ತದೆ" ಎಂದರು. ಆದದ್ದೇ ಬೇರೆ. ಇಂಜಿನ್ನಿನ ಸದ್ದಿಲ್ಲದ ಕಾರಿನಲ್ಲಿ ಎ.ಸಿ.ಯದೇ ಕಾರುಬಾರು. ನಮಗೆ ಅದು ಬರೀ ಗಾಳಿ. ಅವರ ಕಿವಿಯ ಯಂತ್ರದೊಳಗೆ ಅಕ್ಕಿ ಗಿರಣಿ. ನಿಲ್ಲಿಸೋಣವೆಂದರೆ ಶ್ವಾಸಕೋಶ ಕೆಟ್ಟಿದ್ದ ದೊಡ್ಡಮ್ಮನಿಗೆ ಸೆಕೆ ತಡೆಯುತ್ತಿರಲಿಲ್ಲ.

ಹಾವೂ ಸಾಯದಂತೆ ಕೋಲೂ ಮುರಿಯದಂತೆ ದೊಡ್ಡಮ್ಮನೇ ಒಂದು ಉಪಾಯ ಮಾಡಿದರು. ಹೇಳುವುದಿದ್ದಾಗ ದೊಡ್ಡಪ್ಪನ ಪಕ್ಕದ ಸೀಟಿನಿಂದ ಕೈಚಾಚಿ ಎ.ಸಿ. ಆರಿಸುವರು, ಹೇಳುವರು, ಮತ್ತೆ ಹಾಕುವರು. ಚಾಲೈ ಮಾರುಕಟ್ಟೆಯಲ್ಲಿ ಕೊತ್ತಂಬರಿ ಮರೆತ ಸುದ್ದಿಗೂ ಇದೇ ವಿಧಿ. ಅಷ್ಟು ಹೊತ್ತು ಚಾರ್ಜೂ ಉಳಿಯುತ್ತಿತ್ತಲ್ಲ, ದೊಡ್ಡಪ್ಪ ನಗುತ್ತಿದ್ದರು: "ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ನಮ್ಮ ಕಾರಲ್ಲಿ ಉಲ್ಟಾ. ಇವಳು ಮಾತಾಡಿದಷ್ಟೂ ಲಾಭ."

ದೊಡ್ಡಮ್ಮನನ್ನು ಕೊಚ್ಚಿಯ ಆಸ್ಪತ್ರೆಗೆ ಸೇರಿಸಲು ಹೊರಟದ್ದು ಅದೇ ಕಾರಿನಲ್ಲಿ. ನಾನು ಓಡಿಸುತ್ತಿದ್ದೆ, ಅವರು ಹಿಂದಿನ ಸೀಟಿನಲ್ಲಿ ದೊಡ್ಡಪ್ಪನ ಎಡಭುಜಕ್ಕೆ ಒರಗಿದ್ದರು. ರಸ್ತೆ ಅಗಲಿಸುವ ಕೆಲಸದಿಂದ ವಾಹನಗಳೆಲ್ಲ ಸುಡುಬಿಸಿಲಿನಲ್ಲಿ ನಿಂತಿದ್ದವು. ದಾರಿಯ ಚಾರ್ಜಿಂಗ್ ಕೇಂದ್ರದವನು "ಕರಂಟಿಲ್ಲ ಸಾರೇ" ಎಂದು ಕೈಯಾಡಿಸಿದ್ದ. ದೊಡ್ಡಮ್ಮನ ಉಸಿರು ಭಾರವಾಗುತ್ತಾ ಬಂತು. ಆಗ ಅವರ ಕೈ ನಿಧಾನವಾಗಿ ಎದ್ದು ಮುಂದಕ್ಕೆ ಚಾಚಿತು. ತುಟಿ ಅಲುಗಿತು.

"ಅವಳಿಗೆ ಸೆಕೆ ಆಗ್ತಾ ಉಂಟು, ಜೋರು ಮಾಡು" ಎಂದರು ದೊಡ್ಡಪ್ಪ.

ಮಾಡಿದೆ. ಇನ್ನೆಷ್ಟು ದೂರ ಹೋಗಬಹುದೆಂದು ತೋರಿಸುವ ಅಂಕಿ ತಟ್ಟನೆ ಇಳಿಯಿತು. ನನ್ನ ಕಣ್ಣೆಲ್ಲ ಅದರ ಮೇಲೇ. ಕೈ ಮತ್ತೊಮ್ಮೆ ಎದ್ದಿತು.

"ಇನ್ನೂ ಜೋರು ಮಾಡು ಮಾರಾಯ, ಚಾರ್ಜು ಹಾಳಾಗಿ ಹೋಗಲಿ!"

ಮಾಡಿದೆ. ಆ ಕೈ ದೊಡ್ಡಪ್ಪನ ಮೊಣಕಾಲಿನ ಮೇಲೆ ಬಿತ್ತು. ಕಾರು ಹೇಗೋ ಆಸ್ಪತ್ರೆಯ ಬಾಗಿಲು ಮುಟ್ಟಿತು, ಆದರೆ ದೊಡ್ಡಮ್ಮನಿಗೆ ಮತ್ತೆ ಪ್ರಜ್ಞೆ ಬರಲಿಲ್ಲ.

ತೀವ್ರ ನಿಗಾ ಘಟಕದ ಹೊರಗೆ ಕೂತಿದ್ದ ದೊಡ್ಡಪ್ಪ ಇದ್ದಕ್ಕಿದ್ದಂತೆ ನನ್ನ ಮಣಿಕಟ್ಟು ಹಿಡಿದರು. "ಅವಳು ಎ.ಸಿ. ಆರಿಸಲಿಕ್ಕೆ ಕೈ ಚಾಚಿದ್ದು. ನನ್ನಲ್ಲಿ ಎಂತದೋ ಹೇಳಲಿಕ್ಕಿತ್ತು ಅವಳಿಗೆ. ನಿನಗೇನಾದರೂ ಕೇಳಿತಾ?"

ಕೇಳಿರಲಿಲ್ಲ. ಒಂದು ಸುಳ್ಳನ್ನಾದರೂ ಹೇಳೋಣವೆನಿಸಿತು. ಜೀವಮಾನವಿಡೀ ಸಾಕ್ಷಿಗಳನ್ನು ನೋಡಿದ ಮನುಷ್ಯನ ಮುಂದೆ ಯಾವ ಸುಳ್ಳು ನಿಂತೀತು? ಇಲ್ಲವೆಂದು ತಲೆಯಾಡಿಸಿದೆ. ನನ್ನನ್ನು ಸಾಕಿದವರಿಗೆ ಒಂದು ಮಾತು ಕೊಡಲೂ ನನ್ನಿಂದಾಗಲಿಲ್ಲ.

ಈಗ ಪಟ್ಟಂಗೆ ಹೋದಾಗಲೆಲ್ಲ ಅವರನ್ನು ಕಾರಿನಲ್ಲಿ ಸುತ್ತಾಡಿಸುತ್ತೇನೆ. ಅವರು ಮುಂದೆ, ದೊಡ್ಡಮ್ಮನ ಸೀಟಿನಲ್ಲಿ ಕೂರುತ್ತಾರೆ. ಎ.ಸಿ. ಹಾಕಲು ನನಗೆ ಕೈ ಬರುವುದಿಲ್ಲ. ಮೊನ್ನೆ ನನ್ನ ಅಂಗಿ ಬೆವರಿಗೆ ಬೆನ್ನಿಗಂಟಿದ್ದು ನೋಡಿ, ಅವರು ಕಿವಿಯ ಯಂತ್ರ ತೆಗೆದು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡರು.

"ಹಾಕು ಮಾರಾಯ" ಎಂದರು. "ನನಗಿನ್ನು ಕೇಳಲಿಕ್ಕೆ ಎಂತದೂ ಇಲ್ಲ."